ಒಣಗಿದ ಅರ್ಥಿಂಗ್

“ಹೊಸಾದು ಅಂತ ಹೇಳಿ ಯಾರೋ ವಾಪಸ್ ಕೊಟ್ಟ ಹಾಡಿನ ಡಬ್ಬಿ ನನ್ನ ಕೊರಳಿಗಿ ಕಟ್ಟೀದಿ. ಚೋರ ಇದ್ದಿ ನೀ.”

“ಬಾಯಿ ಸಂಭಾಳಿಸಿ ಮಾತಾಡ್ರಿ, ಸಾವ್ಕಾರ್ರ. ಇದು ಮೂರನೇ ಸಲ ಬಂದೀನಿ. ವೂಫರ್ ಬದಲಿ ಮಾಡ್ದೆ, ವಾಯರ್ ಬದಲಿ ಮಾಡ್ದೆ. ಇದೇ ವೂಫರ್ ಉಮರ್ಗಾದ ನಮ್ಮ ದುಕಾನದಾಗ ಸುಮ್ಮ ಕುಂತಿತ್ತು. ನಿಮ್ಮ ಮನಿಗಿ ಬಂದಕೂಡ್ಲೆ ಒದರ್ತದ. ಚೋರ ನಾನೋ, ನಿಮ್ಮ ಮನಿಯೋ?”

ಮೆಕ್ಯಾನಿಕ್ ಖಂಡೆಪ್ಪ ಕೈಯಲ್ಲಿದ್ದ ಇಕ್ಕಳವನ್ನು ಫರಸಿಗೆ ಬಡಿದ. ದಾಳಿಂಬದ ಕಿರಾಣಿ ವ್ಯಾಪಾರಿ ಕಲ್ಯಾಣಪ್ಪ ಹೋಂ ಥಿಯೇಟರ್ ತಂದು ಒಂದು ತಿಂಗಳಾಗಿತ್ತು. ಮೊದಲ ಎಂಟು ದಿನ ಏನೂ ತಕರಾರಿರಲಿಲ್ಲ. ಆಮೇಲೆ ನೆಲದ ಮೇಲಿಟ್ಟ ದೊಡ್ಡ ವೂಫರ್ ಸಣ್ಣಗೆ ಗುಂಯ್ ಎನ್ನತೊಡಗಿತು. ದಿನದಿಂದ ದಿನಕ್ಕೆ ಹೆಚ್ಚಾಯಿತು. ಈಗಂತೂ ಹಾಡು ಹಚ್ಚಲಿ ಬಿಡಲಿ, ಸ್ವಿಚ್ ಒತ್ತಿದರೆ ಸಾಕು, ಕಿಟಕಿಯ ಗಾಜು ನಡುಗುತ್ತಿತ್ತು.

ಖಂಡೆಪ್ಪ ಬೈಯುತ್ತಲೇ ಚೀಲದಿಂದ ಒಂದು ಬಲ್ಬು ತೆಗೆದ. ಅದರ ಒಂದು ತಂತಿಯನ್ನು ಪಕ್ಕದ ಪ್ಲಗ್ಗಿನ ಕರೆಂಟಿನ ತೂತಿಗೂ ಇನ್ನೊಂದನ್ನು ಮೇಲಿನ ಅರ್ಥಿಂಗ್ ತೂತಿಗೂ ಚುಚ್ಚಿದ. ಬಲ್ಬಿನ ಎಳೆ ಕೆಂಪಗೆ ಕೂಡ ಆಗಲಿಲ್ಲ.

“ಅರ್ಥಿಂಗ್ ಸತ್ತದ. ಅದಕ್ಕೇ ಒದರ್ತದ. ನೆಲದಾಗ ಎಲ್ಲಿ ಹುಗಿದೀರಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಪ್ರಯಾಗಬಾಯಿ ಹಿತ್ತಲು ತೋರಿಸಿದಳು. ತಂತಿ ಗೋಡೆಯಿಂದ ಇಳಿದು ಒಂದು ಗೂಟದ ಪಕ್ಕ ನೆಲ ಸೇರಿತ್ತು. ಖಂಡೆಪ್ಪ ಕುಕ್ಕರುಗಾಲಲ್ಲಿ ಕೂತು ಕೆದರಿದ. ಮಣ್ಣು ಬೂದಿಯ ಹಾಗೆ ಹಾರಿತು.

“ಇಲ್ಲಿ ಏನ್ ಕಟ್ತಿದ್ರಿ, ವೈನಿ?”

“ನಮ್ಮ ಎಮ್ಮಿ. ಮೇವು ಇಲ್ಲಂತ ಗುಂಜೋಟ್ಯಾಗ ಸರಕಾರ ಬರಗಾಲಕ್ಕ ತೆಗದ ದನದ ಛಾವಣ್ಯಾಗ ಬಿಟ್ಟಾರ. ತಿಂಗಳಾತು.”

ಖಂಡೆಪ್ಪ ಅಂದು ಮೊದಲ ಸಲ ನಕ್ಕ. “ಹಂಗನ್ರಿ ಮತ್ತ. ನಿಮ್ಮ ಅರ್ಥಿಂಗ್ ಕಾಯ್ದದ್ದು ಎಮ್ಮಿ. ದಿನಾ ಇಲ್ಲೇ ಉಚ್ಚಿ ಹೊಯ್ತಿತ್ತು. ನೀರೂ ಆತು, ಉಪ್ಪೂ ಆತು. ಅದು ಹೋತು, ಮಣ್ಣು ಒಣಗ್ತು. ಎರಡು ಕೊಡ ನೀರು ಸುರೀರಿ, ಈಗೇ ಬಂದ್ ಆಗ್ತದ.”

“ಕುಡೀಲಾಕೇ ಎರಡು ಕೊಡ ಅವ. ಟ್ಯಾಂಕರ್ ಬರೂದು ಇನ್ನ ಎಂಟು ದಿನಕ್ಕ.”

“ಹಂಗಾದ್ರ ಎಮ್ಮಿ ಹೊಡಕೊಂಡು ಬರ್ರಿ.”

ಅಷ್ಟು ಸಾಕಾಯಿತು ಪ್ರಯಾಗಬಾಯಿಗೆ. ಅದು ಅವಳ ಎಮ್ಮೆ. ನಿಲಂಗಾದ ತವರಿನಿಂದ ಕರುವಾಗಿದ್ದಾಗ ತಂದದ್ದು, ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದ್ದು. ತಿಂಗಳಿನಿಂದ ತಂದುಬಿಡಿ ಎಂದು ಗಂಡನ ಬೆನ್ನು ಹತ್ತಿದ್ದಳು.

“ಕೇಳಿದ್ರೇನು? ಈಗರೆ ಹೋಗ್ರಿ. ನಾ ಅರ್ಧ ಹೊಟ್ಟಿ ನೀರು ಕುಡೀತೀನಿ, ಉಳದದ್ದು ಅದಕ್ಕ ಕೊಡ್ತೀನಿ. ನಿಮ್ಮ ಪೆಟಗಿನೂ ಸುಮ್ಮ ಆಗ್ತದ.”

“ಮಳಿ ಬೀಳೂತನಕ ಛಾವಣಿಯವ್ರು ಬಿಡೂದಿಲ್ಲ,” ಎಂದ ಕಲ್ಯಾಣಪ್ಪ.

“ಯಾರು ಬಿಡೂದಿಲ್ಲ?” ಖಂಡೆಪ್ಪ ಎದ್ದು ಕೈ ಝಾಡಿಸಿಕೊಂಡ. “ನಾ ಗುಂಜೋಟಿಯವನೇ. ನೀರು ಸಾಲದಕ್ಕ ಛಾವಣಿ ಮುಚ್ಚಿ ಹದಿನೈದು ದಿನ ಆತು. ನಮ್ಮಣ್ಣ ಎತ್ತು ಹೊಡಕೊಂಡು ಬಂದು ಮನ್ಯಾಗ ಕಟ್ಟ್ಯಾನ. ಅಲ್ಲೀಗ ಒಂದು ದನಾನೂ ಇಲ್ಲ.”

ಒಳಗೆ ಸ್ವಿಚ್ ಆರಿಸದೆ ಬಿಟ್ಟ ವೂಫರ್ ಗುಂಯ್ ಎನ್ನುತ್ತಲೇ ಇತ್ತು.

“ಮೊನ್ನಿ ಸೋಮವಾರ ಹಿಂಡಿ ಕಟ್ಟಿಕೊಟ್ಟಿದ್ದೆ,” ಎಂದಳು ಪ್ರಯಾಗಬಾಯಿ. “ತಿಂದು ನನ್ನ ನೆನಸ್ತದ, ಕೊರಳು ಎತ್ತಿ ನೋಡ್ತದ ಅಂತ ಬಂದು ಹೇಳಿದ್ರಿ. ಯಾರ ಮುಂದ ಇಟ್ಟು ಬಂದ್ರಿ?”

ಕಲ್ಯಾಣಪ್ಪನ ಸಿಟ್ಟು ನೆತ್ತಿಗೇರಿತು. ಸಿಕ್ಕಿಬಿದ್ದವರಿಗೆ ಸಿಟ್ಟೊಂದೇ ಗತಿ. “ಹೌದು, ಮಾರ್ದೆ. ಮೊದಲ ದಿನಾನೇ ಛಾವಣ್ಯಾಗ ಜಾಗಾ ಇಲ್ಲ ಅಂದ್ರು. ಉದಗೀರ ಬಾಜಾರಕ್ಕ ಒಯ್ದು ಕೊಟ್ಟೆ. ಮನ್ಯಾಗ ಕಟ್ಟಿ ಸಾಯೂದು ನೋಡ್ಬೇಕಿತ್ತೇನು?”

“ಹಾಲಿನವ್ರಿಗಿ ಕೊಟ್ರೇನು?”

“ಬತ್ತಿದ ಎಮ್ಮಿ ಯಾವ ಹಾಲಿನವ ತಗೋತಾನ?”

ಖಂಡೆಪ್ಪ ಮುಖ ಆಚೆ ತಿರುಗಿಸಿದ. ಪ್ರಯಾಗಬಾಯಿ ತೆರೆದ ಬಾಗಿಲಿನಿಂದ ಒಳಗೆ ನೋಡಿದಳು. ಕರಿ ಪೆಟ್ಟಿಗೆಗಳು ಸಾಲಾಗಿ ಹೊಳೆಯುತ್ತಿದ್ದವು.

“ಭಿಶಿ ಚೀಟಿ ಎತ್ತಿದ ರೊಕ್ಕದಾಗ ತಂದೀನಿ ಅಂದ್ರಿ ಇದನ್ನ.”

ಅವಳು ಒಳಗೆ ಹೋಗಿ ಒಂದು ಕೊಡ ಹೊತ್ತು ತಂದಳು. ಗೂಟದ ಬುಡಕ್ಕೆ ಸುರಿದಳು. ಹೋಗಿ ಇನ್ನೊಂದು ತಂದಳು.

“ಏ, ಹುಚ್ಚು ಹಿಡದದೇನು ನಿನಗ? ನಾಳಿಗಿ ಏನ್ ಕುಡೀಲಿ?”

ಅದನ್ನೂ ಸುರಿದಳು. ಮಣ್ಣು ಗುಳುಗುಳು ಎಂದು ಕುಡಿಯಿತು. ಒಳಗಿನ ಗುಂಯ್ ಇಳಿಯಿತು, ಸಣ್ಣಗಾಯಿತು, ನಿಂತೇಬಿಟ್ಟಿತು.

ಪ್ರಯಾಗಬಾಯಿ ಕೊಡಗಳನ್ನು ಬೋರಲು ಹಾಕಿದಳು. ಒದ್ದೆ ಕೈಯನ್ನು ಸೆರಗಿಗೆ ಒರೆಸಿ, ಅದೇ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಸಡಕಿನ ಕಡೆ ನಡೆದಳು. ನಿಲಂಗಾದ ಕಡೆ ಹೊರಟಿದ್ದ ಆಟೋದಲ್ಲಿ ಹಿಂದಿನ ಸೀಟು ಖಾಲಿ ಇತ್ತು.

“ಬಂದ್ ಆತು, ಸಾವ್ಕಾರ್ರ,” ಎಂದ ಖಂಡೆಪ್ಪ, ತಲೆ ಎತ್ತದೆ.

“ಬರ್ತಾಳ ಸಂಜಿಗಿ,” ಎಂದ ಕಲ್ಯಾಣಪ್ಪ.

ಎಂಟನೆಯ ದಿನ ಟ್ಯಾಂಕರ್ ಬಂದಾಗ ಹೆಂಗಸರ ಸಾಲಿನಲ್ಲಿ ಕೊಡ ಹಿಡಿದು ನಿಂತ ಗಂಡಸು ಅವನೊಬ್ಬನೇ.