ಸರ್ವಿಸ್ ಚಾರ್ಜ್

ಮಗಳು ಮೆಚ್ಚಿದ ಹುಡುಗನನ್ನು ವಾಮದೇವಪ್ಪನವರು ಮೊದಲ ಸಲ ಭೇಟಿಯಾದದ್ದು ಅವನೇ ಹೇಳಿದ ಹೋಟೆಲಿನಲ್ಲಿ. ಅವನ ತಂದೆ ಮಾತ್ರ ಕಾಣಲಿಲ್ಲ.

"ಮೂರಕ್ಕೆ ಡ್ಯೂಟಿ ಮುಗಿಯುತ್ತೆ ಅಂಕಲ್, ಇಲ್ಲಿಗೇ ಬರ್ತಾರೆ" ಎಂದ ಹುಡುಗ.

ಊಟವೇನೋ ಸೊಗಸಾಗಿತ್ತು. ಬಿಲ್ಲು ನೋಡಿದ್ದೇ ವಾಮದೇವಪ್ಪನವರು ಹುಬ್ಬು ಗಂಟಿಕ್ಕಿದರು. ತೆರಿಗೆ ಇಲಾಖೆಯಲ್ಲಿ ಸವೆದ ಜೀವ ಅವರದು.

"ಏನಯ್ಯಾ, ಸರ್ವಿಸ್ ಚಾರ್ಜ್ ಹಾಕಿ, ಅದರ ಮೇಲೆ ಜಿಎಸ್‌ಟಿ ಬೇರೆ! ತೆಗೆಸು ಅದನ್ನ."

ನರೆತ ಮೀಸೆಯ ಸಪ್ಲೈಯರ್ ಬಿಲ್ಲು ಒಯ್ದು ತೆಗೆಸಿಕೊಂಡು ಬಂದ.

"ಟಿಪ್ಸ್ ಕೈಗೇ ಕೊಟ್ಟುಬಿಡೋಣ್ವಾ ಅಂಕಲ್? ಅದಕ್ಕೆ ಜಿಎಸ್‌ಟಿ ಇಲ್ವಲ್ಲ" ಎಂದ ಹುಡುಗ.

"ಅದೂ ಆದಾಯಾನೇ ಕಣಪ್ಪಾ, ಇನ್ಕಮ್ ಟ್ಯಾಕ್ಸಿಗೆ ತೋರಿಸ್ಬೇಕು. ಇಂಥೋರು ತೋರಿಸ್ತಾರಾ? ಒಂದು ರೂಪಾಯಿನೂ ಕೊಡಬಾರದು."

ಉಳಿದ ಚಿಲ್ಲರೆಯನ್ನೆಲ್ಲ ಗೋರಿ ಜೇಬಿಗಿಳಿಸಿ, ಸೋಂಪು ಬಾಯಿಗೆ ಹಾಕಿಕೊಂಡು ವಾಮದೇವಪ್ಪನವರು ಗಡಿಯಾರ ನೋಡಿದರು.

"ಮೂರಾಯ್ತು. ಎಲ್ಲಪ್ಪಾ ನಿಮ್ಮ ತಂದೆಯವರು?"

ಸಪ್ಲೈಯರ್ ಹೆಗಲ ಮೇಲಿನ ಬಟ್ಟೆ ತೆಗೆದು ಮಡಚಿದ. ಹುಡುಗ ಎದ್ದು ಪಕ್ಕದ ಕುರ್ಚಿ ಎಳೆದ.

"ಬಾ ಅಪ್ಪಾ, ಕೂತ್ಕೋ."