ಏಳು ಚಪ್ಪಾಳೆ

"ಗು-ಆರ್-ದಿ-ಯಾ ಅಂತ ನಾಲ್ಕು ಸಲ ತಟ್ಟಬೇಡ ಮಾರಾಯ. ಗ್ವಾರ್, ದಿಯಾ. ಎರಡೇ ಚಪ್ಪಾಳೆ," ಎಂದರು ಕಾನ್ವೆಂಟಿನ ಸಿಸ್ಟರ್. ಪೆರು ದೇಶದ ಶಾಲೆಯೊಂದರಲ್ಲಿ ಇಪ್ಪತ್ತೆರಡು ವರ್ಷ ಸ್ಪ್ಯಾನಿಷ್‌ನಲ್ಲಿ ಪಾಠ ಹೇಳಿ ಉಡುಪಿಗೆ ಮರಳಿದವರು ಅವರು.

"ಕೊನೇ ಪದ?"

"ಮೀ-ಆ. ಅಲ್ಲಿ ಬಿಡಿಸಬೇಕು."

ಅವನು ಎದ್ದು ಕಿಟಕಿಯವರೆಗೆ ಹೋಗಿ ಮತ್ತೆ ಬಂದು ಕುಳಿತ. ಲಾ ಗ್ವಾರ್-ದಿಯಾ ಎ-ರಾ ಮೀ-ಆ. ಆ ಕಾವಲಿನ ಪಾಳಿ ನನ್ನದಾಗಿತ್ತು. ಒಟ್ಟು ಏಳು ಚಪ್ಪಾಳೆ.

ಹಡಗಿನಲ್ಲಿ ಅವನು ಜ್ವರದಿಂದ ಮಲಗಿದ್ದ ದಿನ, ಅವನಿಂದ ತುಸು ಕನ್ನಡ ಕಲಿತಿದ್ದ ಪೆರುವಿನ ಗೆಳೆಯ, ಎಂದಿನಂತೆ ತಾಯಿಯೊಡನೆ ಫೋನಿನಲ್ಲಿ ಮಾತಾಡಿ ಮುಗಿಸಿ, ಅವನ ಬದಲು ಕಾವಲಿಗೆ ಹೋಗಿ ಅಲೆಗೆ ಸಿಕ್ಕಿ ಸತ್ತಿದ್ದ. ಕಂಪನಿ ಗೆಳೆಯನ ತಾಯಿಗೆ ಸಾವಿನ ಸುದ್ದಿಯನ್ನಷ್ಟೇ ತಿಳಿಸಿತ್ತು; ಪಾಳಿ ಯಾರದೆಂದು ಹೇಳಿರಲಿಲ್ಲ.

"ಫೋನ್ ಕೊಡು, ನಾನೇ ಹೇಳ್ತೇನೆ."

"ಬೇಡ ಸಿಸ್ಟರ್. ನನ್ನ ಬಾಯಲ್ಲೇ ಬರಬೇಕು."

"ಅವರು ಏನಾದ್ರೂ ಅಂದ್ರೆ ನಿನಗೆ ಅರ್ಥ ಆಗ್ಲಿಕ್ಕಿಲ್ಲ."

"ಬೈದರೆ ಯಾವ ಭಾಷೆಯಲ್ಲಾದ್ರೂ ಅರ್ಥ ಆಗ್ತದೆ."

ಸಂಜೆ ಆರೂವರೆಗೆ ಕರೆ ಮಾಡಿದ. ಅಲ್ಲಿ ಬೆಳಿಗ್ಗೆ ಎಂಟು ಗಂಟೆ. ತಾಯಿಯೇ ಫೋನ್ ಎತ್ತಿದರು. ಅವನು ತನ್ನ ಹೆಸರು ಹೇಳಿದ. ಸಿಸ್ಟರ್ ಮೆಲ್ಲಗೆ ಮೊದಲ ಚಪ್ಪಾಳೆ ತಟ್ಟಿದರು. ಎರಡನೆಯದನ್ನೂ ತಟ್ಟಿದರು. ಅವನು ಬಾಯಿ ತೆರೆದ.

ಅಷ್ಟರಲ್ಲಿ ಆ ಕಡೆ ಕಾಗದ ಬಿಡಿಸಿದ ಸದ್ದಾಯಿತು. ಬಳಿಕ ಆ ಮುದುಕಿ ಒಂದೊಂದೇ ಅಕ್ಷರ ತಡವರಿಸುತ್ತ ಕನ್ನಡದಲ್ಲಿ ಓದಿದರು.

"ಮ-ಗಾ, ಜ್ವ-ರ ಬಿ-ಟ್ಟಿ-ತಾ?"