ತಮ್ಮನ ಪಾಲಿನ ತುಪ್ಪ

ಮಹಾಂತೇಶನಿಗೆ ಕೆಲಸ ಮಾಡುವ ಲಿವರ್ ಇರಲಿಲ್ಲ.

ಕುಡಿದು ಕೆಡಿಸಿಕೊಂಡದ್ದಲ್ಲ. ಹಳೆಯ ಸೋಂಕೊಂದು ಗೊತ್ತಾಗದಂತೆ ಒಳಗೇ ಕೂತು ತಿಂದು ಹಾಕಿತ್ತು. ಗದಗಿನಲ್ಲಿ ಬೈಕ್ ರಿಪೇರಿ ಮಾಡುತ್ತಿದ್ದ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ.

"ನಂದರಾಗ ಅರ್ಧಾ ತಗೋರಿ," ಎಂದಳು ಅವನ ಅಕ್ಕ ದಾಕ್ಷಾಯಣಿ. ರಕ್ತದ ಗುಂಪು ಹೊಂದಿತು. ಆದರೆ...

ಹುಬ್ಬಳ್ಳಿಯ ಡಾಕ್ಟರ್ ಸ್ಕ್ಯಾನ್ ನೋಡಿ ತಲೆ ಅಲ್ಲಾಡಿಸಿದರು.

"ನಿಮ್ಮ ಲಿವರಿನಾಗ ಕೊಬ್ಬು ಐತ್ರಿ. ಹಿಂಗ ಆಪರೇಷನ್ ಮಾಡಿದ್ರ ಇಬ್ಬರಿಗೂ ಅಪಾಯ. ಒಂದು ಆರು ಕಿಲೋ ಇಳಸ್ರಿ. ಎಣ್ಣಿ, ತುಪ್ಪ, ಸಕ್ಕರಿ ಬಿಡ್ರಿ, ದಿನಾ ಜೋರಾಗಿ ನಡೀರಿ. ಕೊಬ್ಬು ಕರಗತೈತಿ. ಆದ್ರ ಜಲ್ದಿ ಮಾಡ್ರಿ."

ಆರು ಕಿಲೋ... ಜನ ಮದುವೆಯ ಫೋಟೋಗೆ ಇಳಿಸುವಷ್ಟು ತೂಕ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಹಾಂತೇಶ ಕೇಳಿದ, "ಅಕ್ಕಾ, ನಿನ್ನ ಲಿವರ್ ನನಗ ಬಂದಮ್ಯಾಲೆ ನಾನೂ ಮಿರ್ಚಿ ಭಜಿ ಅಂಗಡಿ ಕಂಡಲ್ಲೆಲ್ಲಾ ನಿಂದರತೇನೇನು?"

"ನಿಂದ್ರು. ರೊಕ್ಕಾ ಮಾತ್ರ ನೀನ ಕೊಡು."

ಇಬ್ಬರೂ ನಕ್ಕರು.

ಅವ್ವ ನೀಲವ್ವನಿಗೆ ಹೇಳುವುದು ಬೇಡ ಎಂದು ತೀರ್ಮಾನಿಸಿದ್ದೂ ಅದೇ ಬಸ್ಸಿನಲ್ಲಿ. ಅವಳಿಗೆ ಬಿಪಿ ಇತ್ತು.

"ಎರಡೂ ಮಕ್ಕಳನ್ನ ಒಂದ ದಿನಾ ಕೊಯ್ತಾರ ಅಂದ್ರ ಅಕಿ ತಡಕೊಳ್ಳೂದಿಲ್ಲ," ಎಂದ ಮಹಾಂತೇಶ. "ಕಾಮಣಿ ಆಗೇತಿ ಅನ್ನೂಣು. ಕಣ್ಣು ಹೆಂಗೂ ಹಳದಿ ಅದಾವು."

ಕಾಮಣಿ ಎಂದರೆ ನೀಲವ್ವನಿಗೆ ಗೊತ್ತಿತ್ತು. ಅವತ್ತೇ ಮಗನಿಗೆ ಪಥ್ಯ ಹಚ್ಚಿದಳು... ತುಪ್ಪ ಬಂದ್, ಒಗ್ಗರಣೆ ಬಂದ್.

ದಾಕ್ಷಾಯಣಿ ಗಂಡನಿಗೆ ಫೋನ್ ಮಾಡಿ ವಿಷಯ ಹೇಳಿ ತವರಿನಲ್ಲೇ ಉಳಿದಳು. ಬೆಳಗಾದರೆ ಕೆರೆಯ ಸುತ್ತ ನಡಿಗೆ. ಚಹಾಕ್ಕೆ ಸಕ್ಕರೆ ಇಲ್ಲ. ಸಂಜೆಯ ಮಿರ್ಚಿ, ಮಂಡಕ್ಕಿ ಇಲ್ಲ. ಬೆಳಿಗ್ಗೆ ಒಂದು ಬಟ್ಟಲು ಜೋಳದ ನುಚ್ಚು ಮಜ್ಜಿಗೆ, ಮಧ್ಯಾಹ್ನ ಒಂದು ರೊಟ್ಟಿ, ಕಾಳು ಪಲ್ಯ.

"ಯಾಕವಾ ಹಿಂಗ ಉಪಾಸ ಬಿದ್ದೀದಿ?" ಎಂದಳು ಅವ್ವ.

"ಬ್ಲೌಸ್ ಎಲ್ಲಾ ಬಿಗಿ ಆಗ್ಯಾವವ್ವಾ. ಅಷ್ಟ."

"ಹರದರ ಹರೀಲಿ, ಹೊಸಾವು ಹೊಲಸೂಣು! ತವರಿಗೆ ಬಂದ ಹೆಣ್ಣಮಗಳು ಸೊರಗಿ ಹೋದ್ರ ನಿಮ್ಮತ್ತಿ ನನ್ನ ಮಾರಿಗೆ ಉಗುಳತಾಳ."

ಆಮೇಲೆ ನೀಲವ್ವ ಆ ಮಾತೆತ್ತಲಿಲ್ಲ. ದಿನವೂ ನುಚ್ಚು ಕಲಸಿ ಬಟ್ಟಲನ್ನು ತಾನೇ ತಂದು ಮಗಳ ಕೈಗಿಡುತ್ತಿದ್ದಳು. ರುಚಿಯಾಗಿರುತ್ತಿತ್ತು. ಅವ್ವನ ಕೈಗುಣ ಎಂದುಕೊಂಡು ದಾಕ್ಷಾಯಣಿ ಉಣ್ಣುತ್ತಿದ್ದಳು.

ಮುಂದಿನ ತಪಾಸಣೆಯಲ್ಲಿ ತೂಕ ಇಳಿದಿರಲಿಲ್ಲ. ಕೊಬ್ಬೂ ಕರಗಿರಲಿಲ್ಲ.

ಡಾಕ್ಟರ್ ಕನ್ನಡಕ ತೆಗೆದಿಟ್ಟರು. "ಖರೇ ಹೇಳ್ರೀ... ಏನು ತಿನ್ನಾಕತ್ತೀರಿ?"

"ದೇವರಾಣಿ ಸಾಹೇಬ್ರ, ಎಲ್ಲಾ ಬಿಟ್ಟೇನ್ರಿ."

ಡಾಕ್ಟರ್ ಮುಂದೆ ಕೇಳಲಿಲ್ಲ. ಅವರು ನಂಬಲಿಲ್ಲ ಎಂದು ಅವಳಿಗೆ ಗೊತ್ತಾಯಿತು.

ಆ ದಿನ ಬಸ್ಸಿನಲ್ಲಿ ನಗು ಇರಲಿಲ್ಲ. ಅಣ್ಣಿಗೇರಿ ದಾಟಿದ ಮೇಲೆ ಮಹಾಂತೇಶ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ,

"ಅಕ್ಕಾ... ಕೊಡಾಕ ಮನಸಿಲ್ಲಂದ್ರ ಹೇಳಿಬಿಡು. ನಿನಗೂ ಸಂಸಾರ ಐತಿ. ನಾ ಸಿಟ್ಟಾಗೂದಿಲ್ಲ."

ದಾಕ್ಷಾಯಣಿಗೆ ಬಾಯಿ ತೆರೆದರೆ ಅಳು ಬರುತ್ತಿತ್ತು. ಅವಳು ಮುಖ ಆ ಕಡೆ ತಿರುಗಿಸಿದಳು. ಅವನಿಗೆ ಅದೇ ಉತ್ತರವಾಯಿತು.

ಮರುದಿನದಿಂದ ಅವಳು ಕೆರೆಯ ಸುತ್ತ ಓಡತೊಡಗಿದಳು. ಮಧ್ಯಾಹ್ನದ ರೊಟ್ಟಿಯನ್ನೂ ಬಿಟ್ಟಳು. ನುಚ್ಚು ಒಂದನ್ನು ಬಿಡಲಿಲ್ಲ. ಅದರಲ್ಲಿ ಏನಿದೆ ಮಹಾ... ಬರೀ ನುಚ್ಚು, ಮಜ್ಜಿಗೆ.

ಮಹಾಂತೇಶನ ಹೊಟ್ಟೆಯಲ್ಲಿ ನೀರು ತುಂಬಿತು. ಆ ನೀರಿಗೆ ಸೋಂಕು ತಗುಲಿತು. ಐಸಿಯುಗೆ ಸೇರಿಸಿದರು. ಮತ್ತೊಂದು ತಪಾಸಣೆಯ ದಿನ ಬರುವ ಮೊದಲೇ ಅವನು ಹೋದ.

ಅವನ ಹೆಸರಿನ ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಮನೆಯಲ್ಲಿ ಉಳಿದವರು ತಾಯಿ, ಮಗಳು ಇಬ್ಬರೇ.

ದಾಕ್ಷಾಯಣಿ ಏನೂ ಉಣ್ಣುತ್ತಿರಲಿಲ್ಲ. ನೀಲವ್ವ ಅದೇ ಬಟ್ಟಲು ಹಿಡಿದು ಬಂದು ಮುಂದೆ ಕೂತಳು.

"ಒಂದು ತುತ್ತು ಉಣ್ಣವಾ... ದಿನಾ ನಿನಗ ಗೊತ್ತಾಗದಂಗ ಇದರಾಗ ತುಪ್ಪ ಹಾಕಿ, ಮೊಸರಿನ ಕೆನಿ ಹಾಕಿ ಕಲಸಿ ಕೊಟ್ಟೇನಿ. ಅವಂಗ ಪಥ್ಯ ಇತ್ತಲ್ಲ... ಅವನ ಪಾಲಿಂದೂ ನಿನಗ ಹಾಕಿದೆ. ಒಂದು ಕೂಸು ಹಾಸಿಗಿ ಹಿಡದೈತಿ, ಇನ್ನೊಂದರ ಗಟ್ಟಿ ಇರಲಿ ಅಂತ... ಆದ್ರೂ ಯಾಕವಾ ನೀ ಹಿಂಗ ಸೊರಗೀದಿ?"

ದಾಕ್ಷಾಯಣಿ ಬಟ್ಟಲು ನೋಡಿದಳು. ಅವ್ವನ ಮುಖ ನೋಡಿದಳು.

ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ತಮ್ಮ ಬದುಕಿದ್ದಾಗ ಹೇಳಲಿಲ್ಲ. ಈಗ ಹೇಳಿದರೆ ಆ ಮುದುಕಿ ಬದುಕುವುದಿಲ್ಲ.

ಅವಳು ಬಟ್ಟಲು ತೆಗೆದುಕೊಂಡು ಪೂರ್ತಿ ಉಂಡಳು. ಬೆರಳಿಗೆ ಅಂಟಿದ ಜಿಡ್ಡು ತುಪ್ಪದ್ದೆಂದು ಈಗ ಗೊತ್ತಾಯಿತು.

"ಹಾಂ... ಹಿಂಗ ಉಣ್ಣಬೇಕು ನೋಡು," ಎಂದು ನೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವಳಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ತೂಕ ಇಳಿಸಲು ದಾಕ್ಷಾಯಣಿ ನಡೆಯಬೇಕಾಗಲಿಲ್ಲ. ಆ ತುಪ್ಪ ಉಂಡರೂ ಇಳಿಯಿತು... ಡಾಕ್ಟರ್ ಕೇಳಿದಷ್ಟೇ ಇಳಿಯಿತು.

*

ಉಣಬಡಿಸುವ ಕೈಗೆ ನಿಜ ಹೇಳದೆ ಯಾವ ಪಥ್ಯವೂ ನಡೆಯುವುದಿಲ್ಲ.

"ಅವರು ತಡೆದುಕೊಳ್ಳುವುದಿಲ್ಲ" ಎಂದು ನಿಮ್ಮ ಮನೆಯಲ್ಲಿ ನೀವು ಯಾರಿಂದ ಏನನ್ನು ಮುಚ್ಚಿಟ್ಟಿದ್ದೀರಿ?

ದಾಕ್ಷಾಯಣಿ ಕಳೆದುಕೊಂಡದ್ದು: ಆರು ಕಿಲೋ ತೂಕ, ಒಬ್ಬ ತಮ್ಮ.